ದಿನಕ್ಕೆರಡಾಣೆಯ ಲೆಕ್ಕ: ಡಾ. ತೋನ್ಸೆ ಮಾಧವ ಅನಂತ ಪೈ

ಬಿಜೂರು, ಉಪ್ಪುಂದ, ನಾವುಂದದ ಅಂಗಡಿ ಸಾಲುಗಳಲ್ಲಿ ಸಂಜೆಯ ಹೊತ್ತು ಪಿಗ್ಮಿ ಸಂಗ್ರಾಹಕರು ಮನೆಯವರಂತೆ ಬಂದು, ಕ್ಷೇಮ ವಿಚಾರಿಸಿ, ಹಣ ಪಡೆದು ಹೋಗುವುದು ನಮ್ಮೆಲ್ಲರಿಗೂ ಪರಿಚಿತವಾದ ನೋಟ. ಯಾರ ಮಗಳ ಮದುವೆ ನಿಶ್ಚಯವಾಯಿತು, ಯಾರ ದೋಣಿ ದಡಕ್ಕೆ ಬರಲಿಲ್ಲ ಎಂಬುದನ್ನೆಲ್ಲ ಅವರು ಬಲ್ಲರು. ಈ ಪದ್ಧತಿಯು ದೂರದ ಮಹಾನಗರದಿಂದ ಬಂದುದಲ್ಲ. ಇದೇ ಸೀಮೆಯಲ್ಲಿ ಹುಟ್ಟಿದುದು. ಅದರ ಹಿಂದಿದ್ದ ಡಾ. ಟಿ. ಎಂ. ಎ. ಪೈಯವರ ಬಾಳನ್ನು ನಮ್ಮ ಓದುಗರಿಗೆ ನೆನಪಿಸುವುದು ಉಚಿತವೆಂದು ಭಾವಿಸಿದ್ದೇವೆ.

ಪೈಯವರು 1898ರ ಏಪ್ರಿಲ್ 30ರಂದು ಸ್ವರ್ಣಾ ನದಿಯ ತಡಿಯ ಕಲ್ಯಾಣಪುರದಲ್ಲಿ ಜನಿಸಿದರು. ಮನೆಮಾತು ಕೊಂಕಣಿ. ಮದರಾಸಿನಲ್ಲಿ ವೈದ್ಯವಿದ್ಯೆ ಕಲಿತು, 1925ರಲ್ಲಿ ಪದವಿ ಪಡೆದು ಊರಿಗೆ ಮರಳಿದರು. ಅಂದು ವೈದ್ಯ ಪದವೀಧರರು ಬಹಳ ವಿರಳ. ದೊಡ್ಡ ಪಟ್ಟಣವೊಂದರಲ್ಲಿ ನೆಲೆನಿಂತು ಸುಖವಾಗಿರಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅವರು ಉಡುಪಿಯಲ್ಲಿಯೇ ರೋಗಿಗಳನ್ನು ನೋಡತೊಡಗಿದರು.

ಆ ದಿನಗಳಲ್ಲಿ ಕೈಮಗ್ಗದ ನೇಕಾರರು ತೀವ್ರ ಸಂಕಷ್ಟಕ್ಕೆ ಸಿಲುಕಿದ್ದರು. ನೂಲು ಕೊಳ್ಳಲು ಸಾಲ ಬೇಕು. ಸಾಲವೆಂದರೆ ಲೇವಾದೇವಿಯವನ ಬಡ್ಡಿ. ಅದೇ 1925ರಲ್ಲಿ ವ್ಯಾಪಾರಿಯಾಗಿದ್ದ ಅಣ್ಣ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯರಾದ ಮಾಧವ ಪೈ, ಈ ಮೂವರೂ ಕೂಡಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮೂಲ ಬಂಡವಾಳ 8000 ರೂಪಾಯಿ, ಸಿಬ್ಬಂದಿ ಒಬ್ಬನೇ.

ಮೂರು ವರ್ಷಗಳ ಬಳಿಕ, 1928ರಲ್ಲಿ, ಎರಡು ಸಂಗತಿಗಳು ನಡೆದವು. ಸಂಸ್ಥೆಯ ಮೊದಲ ಶಾಖೆ ಬ್ರಹ್ಮಾವರದಲ್ಲಿ ತೆರೆಯಿತು. ಕರಾವಳಿಯ ದಾರಿಯಲ್ಲಿ ಅನೇಕ ಹೊಳೆಗಳನ್ನು ದೋಣಿಯಲ್ಲಿ ದಾಟುತ್ತಿದ್ದ ಕಾಲದಲ್ಲಿ ಬ್ಯಾಂಕೊಂದು ಪೇಟೆ ಬಿಟ್ಟು ಗ್ರಾಮದ ಕಡೆಗೆ ಮುಖ ಮಾಡಿದುದು ಸಣ್ಣ ಮಾತಲ್ಲ. ಎರಡನೆಯದು ಪಿಗ್ಮಿ ಠೇವಣಿ. ಪಿಗ್ಮಿ ಎಂದರೆ ಕುಬ್ಜ. ಹೆಸರೇ ಉಳಿತಾಯದ ಗಾತ್ರವನ್ನು ಹೇಳುತ್ತದೆ. ಬ್ಯಾಂಕಿನ ಪ್ರತಿನಿಧಿಯೇ ಪ್ರತಿದಿನ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಹಣವನ್ನೂ ಸಂಗ್ರಹಿಸುವ ಕ್ರಮವಿದು.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡಾಣೆಯಾದರೆ ತಿಂಗಳಿಗೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ದಿನಗೂಲಿಯವನ ಕೈಯಲ್ಲಿ ಒಮ್ಮೆಗೇ ನಲವತ್ತೈದು ರೂಪಾಯಿ ಎಂದೂ ನಿಲ್ಲದು, ಆದರೆ ಎರಡಾಣೆ ನಿಂತೀತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನು ತನ್ನ ಜಗಲಿಯಲ್ಲಿ ಕುಳಿತು ಕೊಡಲು ಅಂಜುವುದಿಲ್ಲ. ದಿನವೂ ಬರುವವನು ಒಂದು ದಿನ ತಪ್ಪಿದರೆ ಮನೆಯೊಡತಿಯೇ ವಿಚಾರಿಸುತ್ತಾಳೆ. ಹೀಗೆ ಕೊಡುವವರಿಗೂ ಪಡೆಯುವವರಿಗೂ ನಡುವೆ ಒಂದು ಬಳಕೆ ಬೆಳೆಯಿತು. ಸಾಲ ಕೇಳಲು ಬಂದವನ ನಡೆನುಡಿ ಬ್ಯಾಂಕಿಗೆ ಮೊದಲೇ ತಿಳಿದಿರುತ್ತಿತ್ತು. ಅಡವಿಡಲು ಚಿನ್ನವಿಲ್ಲದವನಿಗೆ ಅದೇ ಒಂದು ಆಧಾರ.

1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಕುಸಿದು ದಕ್ಷಿಣ ಭಾರತದ ಠೇವಣಿದಾರರು ತಲ್ಲಣಿಸಿದರು. ಬಡವನ ಎರಡಾಣೆಯನ್ನು ಹೊತ್ತವನ ಹೊಣೆ ಎಷ್ಟು ಭಾರವೆಂಬುದು ಇಂತಹ ವರ್ಷಗಳಲ್ಲಿಯೇ ಅರಿವಾಗುವುದು. ಕಾಯಕ, ದಾಸೋಹಗಳ ನುಡಿಯಲ್ಲಿ ಬೆಳೆದ ನಮಗೆ ಪೈಯವರ ಈ ಕೆಲಸವನ್ನು ದಾನವೆಂದು ಕರೆಯುವ ಮೋಹ ಉಂಟಾಗುತ್ತದೆ. ಹಾಗೆ ಕರೆಯುವುದು ತಪ್ಪು. ಅದು ಲಾಭ ನಷ್ಟಗಳುಳ್ಳ ವ್ಯವಹಾರವೇ ಆಗಿತ್ತು. ಊರಿನ ಹಣ ಊರವರ ಉಪಯೋಗಕ್ಕೆ ಒದಗಿತೆಂಬುದೇ ಅದರ ಹೆಚ್ಚುಗಾರಿಕೆ.

1942ರಲ್ಲಿ ಪೈಯವರು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. 1953ರಲ್ಲಿ, ಜಿಲ್ಲೆಯು ಇನ್ನೂ ಮದರಾಸು ರಾಜ್ಯದಲ್ಲಿದ್ದಾಗ, ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜು ತಲೆಯೆತ್ತಿತು. ಮಣ್ಣಪಳ್ಳವೆಂಬ ಕೆರೆಯಿಂದ ಹೆಸರು ಪಡೆದ ಆ ಮುರಕಲ್ಲಿನ ನೆಲದಲ್ಲಿ ಮರ ನೆಡುವುದರಿಂದಲೇ ಕೆಲಸ ಮೊದಲಾಗಬೇಕಿತ್ತು. ಸ್ವಂತ ಆಸ್ಪತ್ರೆ ಬೆಳೆಯುವ ತನಕ ವಿದ್ಯಾರ್ಥಿಗಳು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯನ್ನು ಆಶ್ರಯಿಸಿದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾಗದು. ಸರಕಾರದ ಹಣವಿಲ್ಲದೆ, ವಿದ್ಯಾರ್ಥಿಗಳ ಶುಲ್ಕದಿಂದಲೇ ವೈದ್ಯಕೀಯ ಕಾಲೇಜು ನಡೆಸುವ ಮಾರ್ಗವನ್ನು ದೇಶಕ್ಕೆ ತೋರಿದುದು ಮಣಿಪಾಲವೇ. ಎರಡಾಣೆಯವನಿಗೆ ಬಾಗಿಲು ತೆರೆದವರು ಹಣವಂತರಿಗೆ ಮಾತ್ರ ವಿದ್ಯೆಯ ಬಾಗಿಲು ತೆರೆದರೇ ಎಂಬ ಆಕ್ಷೇಪವು ಆಗಲೂ ಇತ್ತು, ಈಗಲೂ ಇದೆ. ಈ ಆಕ್ಷೇಪದಲ್ಲಿ ಹುರುಳಿದೆಯೆಂದೇ ನಮ್ಮ ಅಭಿಪ್ರಾಯ. ಆದರೆ ಅದೇ ಆಸ್ಪತ್ರೆಯು ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ಜೀವದಾನ ಮಾಡಿದೆ. ಖಾಸಗಿ ವಿದ್ಯಾಸಂಸ್ಥೆಗಳ ಸ್ವಾಯತ್ತತೆಯ ಕುರಿತು ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ನೀಡಿದ ತೀರ್ಪು ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ.

ಕುಂದಾಪುರದವರಿಗೆ ಅವರ ನೆನಪು ಮತ್ತೊಂದು ಬಗೆಯಲ್ಲಿ ಹತ್ತಿರದ್ದು. 1963ರಲ್ಲಿ ಅಲ್ಲಿ ಆರಂಭವಾದ ಭಂಡಾರ್ಕಾರ್ಸ್ ಕಾಲೇಜು ಅದೇ ಅಕಾಡೆಮಿಯ ಆಶ್ರಯದ್ದು. ಪದವಿಗಾಗಿ ಉಡುಪಿ, ಮಂಗಳೂರಿಗೆ ಹೋಗಲಾಗದ ಬೈಂದೂರು ಕಡೆಯ ಮಕ್ಕಳಿಗೆ ಅದು ದೊರೆತುದು ದೊಡ್ಡ ಅನುಕೂಲ. ಹೆಣ್ಣುಮಕ್ಕಳ ಪಾಲಿಗಂತೂ ದೂರವೇ ವಿದ್ಯೆಯ ಮೊದಲ ತೊಡಕಾಗಿತ್ತು.

1964ರಲ್ಲಿ ಬ್ಯಾಂಕು ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ತಳೆದು ಮಣಿಪಾಲದಲ್ಲಿ ನೆಲೆಸಿತು, 1969ರಲ್ಲಿ ರಾಷ್ಟ್ರೀಕರಣವಾಯಿತು. ಪೈಯವರಿಗೆ 1972ರಲ್ಲಿ ಪದ್ಮಶ್ರೀ ಸಂದಿತು. 1979ರ ಮೇ 29ರಂದು ಅವರು ನಿಧನರಾದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು, ಫಲಕಗಳಿಂದ ಹಳೆಯ ಹೆಸರು ಅಳಿಯಿತು. ಊರಿನ ಸಹಕಾರಿ ಸಂಘಗಳ ಪಿಗ್ಮಿಯವರು ಮಾತ್ರ ಈಗಲೂ ಸಂಜೆಗೆ ಬರುತ್ತಾರೆ. ಕೈಯಲ್ಲಿನ ಪುಟ್ಟ ಯಂತ್ರದಿಂದ ಚೀಟಿ ಹರಿದುಕೊಟ್ಟು, ನಾಳೆ ಬರುವೆನೆಂದು ಹೇಳಿ ಮುಂದಿನ ಅಂಗಡಿಗೆ ಹೋಗುತ್ತಾರೆ.