ಶಿವರಾಮ ಕಾರಂತ

ಕೋಟ ಶಿವರಾಮ ಕಾರಂತ (ಅಕ್ಟೋಬರ್ 10, 1902 – ಡಿಸೆಂಬರ್ 9, 1997) ಕನ್ನಡದ ಕಾದಂಬರಿಕಾರರು, ಯಕ್ಷಗಾನ ಸಂಶೋಧಕರು, ಶಿಕ್ಷಣ ಪ್ರಯೋಗಶೀಲರು ಹಾಗೂ ಪರಿಸರವಾದಿಗಳು. 1977ರ ಜ್ಞಾನಪೀಠ ಪ್ರಶಸ್ತಿ ಪುರಸ್ಕೃತರು. ಕಾಲೇಜು ಶಿಕ್ಷಣವನ್ನು ಅರ್ಧಕ್ಕೇ ಬಿಟ್ಟ ಇವರು ಸ್ವಂತ ಓದು, ತಿರುಗಾಟ ಮತ್ತು ಪ್ರತ್ಯಕ್ಷ ವೀಕ್ಷಣೆಯಿಂದ ಹಲವು ಶಾಸ್ತ್ರಗಳನ್ನು ಕಲಿತು, ಅವನ್ನು ಮಕ್ಕಳಿಗೆ ಕನ್ನಡದಲ್ಲಿ ತಲುಪಿಸಿದರು. 'ಕಡಲತೀರದ ಭಾರ್ಗವ' ಮತ್ತು 'ನಡೆದಾಡುವ ವಿಶ್ವಕೋಶ' ಎಂಬ ಬಿರುದುಗಳಿಂದ ಪ್ರಸಿದ್ಧರು.

ಜನನ ಮತ್ತು ವಿದ್ಯಾಭ್ಯಾಸ

ಕಾರಂತರು ಇಂದಿನ ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ ಜನಿಸಿದರು. ಆಗ ಈ ಪ್ರದೇಶ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಕುಂದಾಪುರದಲ್ಲಿ ಪ್ರೌಢಶಾಲೆಯ ವ್ಯಾಸಂಗ ಮುಗಿಸಿ ಮಂಗಳೂರಿನಲ್ಲಿ ಕಾಲೇಜು ಸೇರಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ತ್ಯಜಿಸಿದರು. ಮತ್ತೆ ಕಾಲೇಜಿಗೆ ಹಿಂದಿರುಗಲಿಲ್ಲ. ಖಾದಿ ಪ್ರಚಾರ ಮತ್ತು ಸಮಾಜ ಸುಧಾರಣೆಯ ಕೆಲಸಗಳಲ್ಲಿ ಕೆಲವು ವರ್ಷ ತೊಡಗಿದ್ದ ಇವರು 'ವಸಂತ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಆರಂಭದ ಕಾದಂಬರಿಗಳು ಅದರಲ್ಲೇ ಧಾರಾವಾಹಿಯಾಗಿ ಬಂದವು.

ಶಿಕ್ಷಣ ಪ್ರಯೋಗಗಳು

ಬಳಿಕ ಪುತ್ತೂರಿನಲ್ಲಿ ನೆಲೆಸಿದ ಕಾರಂತರು ಅಲ್ಲಿ 'ಬಾಲವನ'ವನ್ನು ಕಟ್ಟಿದರು. ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುವ ಪದ್ಧತಿ ಅವರಿಗೆ ಸಮ್ಮತವಿರಲಿಲ್ಲ. ಮಗು ಆಟ, ಹಾಡು, ನಾಟಕ, ಚಿತ್ರ ಹಾಗೂ ಸುತ್ತಲಿನ ಪ್ರಕೃತಿಯ ಮೂಲಕ ತಾನೇ ಕಲಿಯಬೇಕೆಂಬುದು ಅವರ ನಿಲುವಾಗಿತ್ತು. 1936ರಲ್ಲಿ ಲೀಲಾ ಅವರನ್ನು ಜಾತಿಯ ಕಟ್ಟು ಮೀರಿ ವಿವಾಹವಾದರು.

ವಿದ್ಯಾರ್ಥಿಯೊಬ್ಬನು ತನ್ನ ಕುತೂಹಲಕ್ಕೆ ತಾನೇ ಉತ್ತರ ಹುಡುಕಲು ಬೇಕಾದ ಗ್ರಂಥಗಳು ಆಗ ಕನ್ನಡದಲ್ಲಿ ವಿರಳವಾಗಿದ್ದವು. ಈ ಕೊರತೆ ನೀಗಲು ಕಾರಂತರು ಮೂರು ಸಂಪುಟಗಳ 'ಬಾಲಪ್ರಪಂಚ' ಎಂಬ ಮಕ್ಕಳ ವಿಶ್ವಕೋಶವನ್ನು ರಚಿಸಿದರು. ಮುಂದೆ 1959ರಿಂದ 1964ರ ಅವಧಿಯಲ್ಲಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಹೊರಬಂದಿತು. ರೇಚಲ್ ಕಾರ್ಸನ್ ಅವರ ಸಮುದ್ರ ಕುರಿತ ಕೃತಿಯನ್ನು ಕನ್ನಡಕ್ಕೆ ತಂದರು. 'ಸಿರಿಗನ್ನಡ ಅರ್ಥಕೋಶ'ವನ್ನೂ ಸಿದ್ಧಪಡಿಸಿದರು.

ಯಕ್ಷಗಾನ ಸಂಶೋಧನೆ

ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯಲ್ಲಿ ಬೇರೂರಿರುವ ಬಡಗುತಿಟ್ಟು ಯಕ್ಷಗಾನ ಕಾರಂತರ ದೀರ್ಘಕಾಲದ ಅಧ್ಯಯನ ವಿಷಯವಾಗಿತ್ತು. ಯಾವ ವಿಶ್ವವಿದ್ಯಾನಿಲಯದ ಪದವಿಯ ಹಂಗೂ ಇಲ್ಲದೆ ಅವರು ಪ್ರಸಂಗಗಳ ಹಸ್ತಪ್ರತಿಗಳನ್ನು ಹುಡುಕಿದರು, ಹಿರಿಯ ಕಲಾವಿದರು ಮತ್ತು ಭಾಗವತರಿಂದ ವಿವರ ಸಂಗ್ರಹಿಸಿದರು, ರಾಗ, ತಾಳ, ಕುಣಿತ, ವೇಷಭೂಷಣಗಳನ್ನು ಪರಿಶೀಲಿಸಿದರು. ಇದರ ಫಲವಾದ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಮಾತನ್ನು ಕೈಬಿಟ್ಟು, ಪಿಟೀಲು ಮತ್ತು ಸ್ಯಾಕ್ಸೊಫೋನ್ ಬಳಸಿ ಅವರು ರೂಪಿಸಿದ ಯಕ್ಷಗಾನ ನೃತ್ಯನಾಟಕಗಳು ವಿದೇಶಗಳಲ್ಲೂ ಪ್ರದರ್ಶನಗೊಂಡವು. ಪರಂಪರೆಯನ್ನು ಬದಲಿಸಿದರೆಂಬ ಟೀಕೆಯೂ ಅವರಿಗೆ ಎದುರಾಯಿತು.

ಸಾಹಿತ್ಯ

ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. 'ಚೋಮನ ದುಡಿ' ದಲಿತನೊಬ್ಬನ ಭೂಮಿಯ ಹಂಬಲವನ್ನು ಚಿತ್ರಿಸುತ್ತದೆ. 'ಮರಳಿ ಮಣ್ಣಿಗೆ' ಹುಟ್ಟೂರಿನ ಕಡಲ ತಡಿಯ ಮೂರು ತಲೆಮಾರುಗಳ ಕಥೆ. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ ಜ್ಞಾನಪೀಠ ಪ್ರಶಸ್ತಿ ಸಂದಿತು. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಅವರ ಆತ್ಮಕಥನ. 1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು.

ಸಾರ್ವಜನಿಕ ಜೀವನ ಮತ್ತು ಕೊನೆಯ ದಿನಗಳು

ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ತಮಗೆ ಸಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿದರು. 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ಜೀವನದ ಕೊನೆಯ ದಶಕಗಳನ್ನು ಕೋಟದ ನೆರೆಯ ಸಾಲಿಗ್ರಾಮದಲ್ಲಿ ಕಳೆದರು. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಕುರಿತು ಅಧ್ಯಯನ ನಡೆಸಿ ಬರೆದರು. ತಮ್ಮ 95ನೆಯ ವಯಸ್ಸಿನಲ್ಲಿ ಮಣಿಪಾಲದಲ್ಲಿ ನಿಧನರಾದರು.

ಪುತ್ತೂರಿನ ಬಾಲವನವನ್ನು ಅವರ ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಕೋಟತಟ್ಟುವಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ.