ನಾರ್ನಿಯದ ಕತೆಗಾರ

ಐರ್ಲೆಂಡ್ ದ್ವೀಪದ ಉತ್ತರ ಭಾಗದಲ್ಲಿ ಬೆಲ್‌ಫಾಸ್ಟ್ ಎಂಬ ರೇವುಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಹಡಗು ಕಟ್ಟುವ ಉದ್ಯಮಕ್ಕೆ ಲೋಕಪ್ರಸಿದ್ಧವಾಗಿದ್ದಿತು. ಅಲ್ಲಿ ಆಲ್ಬರ್ಟ್ ಲೂಯಿಸ್ ಎಂಬ ವಕೀಲನಿದ್ದನು. ಅವನ ಪತ್ನಿ ಫ್ಲಾರೆನ್ಸ್ ಗಣಿತಶಾಸ್ತ್ರದಲ್ಲಿ ಪದವಿ ಪಡೆದ ವಿದುಷಿ. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲವದು. ಈ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ವಾರನ್. ಅವನಿಗಿಂತ ಮೂರು ವರ್ಷ ಕಿರಿಯವನೇ 1898ನೆಯ ಇಸವಿ ನವೆಂಬರ್ 29ರಂದು ಜನಿಸಿದ ಕ್ಲೈವ್ ಸ್ಟೇಪಲ್ಸ್ ಲೂಯಿಸ್. ತನಗಿಟ್ಟ ಹೆಸರು ಈ ಬಾಲಕನಿಗೆ ಹಿಡಿಸಲಿಲ್ಲ. ತೀರ ಎಳೆಯವನಾಗಿದ್ದಾಗಲೇ ತನ್ನನ್ನು ಬೇರೆ ಹೆಸರಿನಿಂದ ಕರೆಯಬೇಕೆಂದು ಹಟ ಹಿಡಿದನು. ಅಂದಿನಿಂದ ಮನೆಯವರಿಗೂ ಮಿತ್ರರಿಗೂ ಅವನು ಜೀವನಪರ್ಯಂತ ಜ್ಯಾಕ್ ಆಗಿಯೇ ಉಳಿದನು.

1905ರಲ್ಲಿ ಕುಟುಂಬವು ಊರಂಚಿನ ಹೊಸ ಮನೆಯೊಂದಕ್ಕೆ ಬಂದಿತು. ಲಿಟಲ್ ಲೀ ಎಂಬುದು ಅದರ ಹೆಸರು. ಉದ್ದುದ್ದನೆಯ ಓಣಿಗಳು, ಬರಿದಾದ ಕೋಣೆಗಳು, ವಿಶಾಲವಾದ ಅಟ್ಟಗಳು, ಎಲ್ಲಿ ನೋಡಿದರಲ್ಲಿ ಪುಸ್ತಕಗಳು. ಆಲ್ಬರ್ಟನು ಕೊಂಡ ಪುಸ್ತಕವನ್ನು ಎಂದೂ ಹೊರಗೆ ಹಾಕಿದವನಲ್ಲ. ಕಪಾಟುಗಳು ತುಂಬಿದ ಮೇಲೆ ಅವು ಮೆಟ್ಟಿಲ ಬಳಿಗೂ ಅಟ್ಟಕ್ಕೂ ಏರಿದವು. ಆ ಮನೆಯಲ್ಲಿ ಅಜ್ಜನು ತನ್ನ ಕೈಯಿಂದಲೇ ಕೆತ್ತಿ ಮಾಡಿದ ದೊಡ್ಡದೊಂದು ಬಟ್ಟೆಯ ಬೀರುವೂ ಇದ್ದಿತು. ಅಲ್ಲಿ ಮಳೆ ಹೆಚ್ಚು. ಹೊರಗೆ ಮಳೆ ಸುರಿಯುತ್ತಿರಲು ಅಣ್ಣತಮ್ಮಂದಿರು ಅಟ್ಟದಲ್ಲಿ ಕುಳಿತು ರಾಜ್ಯಗಳನ್ನು ಕಟ್ಟುತ್ತಿದ್ದರು. ತಮ್ಮನ ರಾಜ್ಯದಲ್ಲಿ ಪ್ರಾಣಿಗಳು ಉಡುಪು ತೊಟ್ಟು ಮಾತನಾಡುತ್ತಿದ್ದವು. ಅಣ್ಣನ ರಾಜ್ಯವೋ ಭಾರತ! ಹಡಗು, ರೈಲುಗಳೆಂದರೆ ವಾರನ್‌ನಿಗೆ ಪ್ರಾಣ. ತಮ್ಮನ ನಾಡಿನಿಂದ ಅಣ್ಣನ ನಾಡಿಗೆ ಹಡಗು ಓಡಬೇಕಲ್ಲವೆ? ಅದಕ್ಕಾಗಿ ಅವರು ಹಿಮಾಲಯದ ಹಿಂಬದಿಗೆ ಒಂದು ಕಡಲನ್ನು ಹರಿಸಿ ನಮ್ಮ ದೇಶವನ್ನು ದ್ವೀಪವಾಗಿಸಿದರು. ಬಳಿಕ ಎರಡೂ ರಾಜ್ಯಗಳು ಸೇರಿ ಬಾಕ್ಸೆನ್ ಎಂಬ ಒಂದೇ ದೇಶವಾಯಿತು. ಅದಕ್ಕೆ ನಕ್ಷೆಗಳಿದ್ದವು, ಇತಿಹಾಸವಿತ್ತು.

ಈ ಸುಖದ ದಿನಗಳು 1908ರಲ್ಲಿ ಕೊನೆಗಂಡವು. ತಾಯಿಗೆ ಕ್ಯಾನ್ಸರ್ ರೋಗ ತಗಲಿತು. ಶಸ್ತ್ರಚಿಕಿತ್ಸೆ ಮನೆಯಲ್ಲಿಯೇ ನಡೆಯಿತು. ಮನೆಯ ತುಂಬ ಔಷಧದ ವಾಸನೆ, ಅಪರಿಚಿತರ ಹೆಜ್ಜೆಯ ಸಪ್ಪಳ, ಮುಚ್ಚಿದ ಬಾಗಿಲ ಹಿಂದೆ ಪಿಸುಮಾತು. ತಾಯಿ ಗುಣಹೊಂದಲೆಂದು ಬಾಲಕನು ದೇವರಲ್ಲಿ ಮೊರೆಯಿಟ್ಟನು. ಆಗಸ್ಟ್ 23ರಂದು, ತಂದೆಯ ಹುಟ್ಟುಹಬ್ಬದ ದಿನವೇ, ಆಕೆ ತೀರಿಕೊಂಡಳು. ಜ್ಯಾಕ್‌ನಿಗೆ ಹತ್ತು ತುಂಬಲು ಇನ್ನೂ ಮೂರು ತಿಂಗಳಿದ್ದವು. ಆಕೆ ಪವಾಡದಿಂದ ಮತ್ತೆ ಎದ್ದಾಳೆಂದು ಅವನು ಆ ಮೇಲೆಯೂ ಕೆಲಕಾಲ ನಂಬಿದ್ದನು. ಅದೇ ವರ್ಷ ಆಲ್ಬರ್ಟನು ತನ್ನ ತಂದೆಯನ್ನೂ ಅಣ್ಣನನ್ನೂ ಕಳೆದುಕೊಂಡನು. ದುಃಖದ ಭಾರದಿಂದ ಆತನ ಮನಸ್ಸು ಕಹಿಯಾಯಿತು. ಮಕ್ಕಳನ್ನು ಬಳಿಗೆ ಕರೆದು ಸಂತೈಸಲು ಆತನಿಂದಾಗಲಿಲ್ಲ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಆಸರೆಯಾಗಿ ನಿಂತರು.

ತಿಂಗಳು ಕಳೆಯುವಷ್ಟರಲ್ಲಿ ಜ್ಯಾಕ್‌ನನ್ನು ಕಡಲಾಚೆಯ ಇಂಗ್ಲೆಂಡಿನ ವಸತಿಶಾಲೆಗೆ ಕಳುಹಿಸಲಾಯಿತು. ಅಲ್ಲಿ ಪಾಠಕ್ಕಿಂತ ಬೆತ್ತವೇ ಹೆಚ್ಚು ಮಾತನಾಡುತ್ತಿತ್ತು. ಅನಂತರದ ಶಾಲೆಗಳ ವಿಷಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹುಡುಗನು ದೇವರಲ್ಲಿ ನಂಬಿಕೆಯನ್ನು ಕಳೆದುಕೊಂಡನು. ಪುಸ್ತಕಗಳಲ್ಲಿ ಮಾತ್ರ ಅವನ ನಂಬಿಕೆ ಕುಂದಲಿಲ್ಲ. 1914ರಲ್ಲಿ ತಂದೆ ಅವನನ್ನು ಕರ್ಕ್‌ಪ್ಯಾಟ್ರಿಕ್ ಎಂಬ ವೃದ್ಧ ಗುರುವಿನ ಮನೆಗೆ ಕಳುಹಿಸಿದನು. ಆಲ್ಬರ್ಟನಿಗೂ ಪಾಠ ಹೇಳಿದ್ದ ಗುರು ಅವರು. ಆಧಾರವಿಲ್ಲದ ಒಂದು ಮಾತನ್ನೂ ಅವರು ಸಹಿಸುತ್ತಿರಲಿಲ್ಲ. ರೈಲಿನಿಂದ ಇಳಿದ ಹುಡುಗನು ಮಾತಿಗೆಂದು, ಈ ಸೀಮೆ ತಾನೆಣಿಸಿದ್ದಕ್ಕಿಂತ ಕಾಡಾಗಿದೆಯೆಂದನು. ಆ ಎಣಿಕೆಗೆ ನಿನ್ನಲ್ಲಿದ್ದ ಆಧಾರವೇನೆಂದು ಗುರುಗಳು ಅಲ್ಲಿಯೇ ಕೇಳಿಬಿಟ್ಟರು! ಬೇರೆ ಹುಡುಗನಾಗಿದ್ದರೆ ಅಂಜುತ್ತಿದ್ದನು. ಜ್ಯಾಕ್‌ನಿಗೆ ಅದು ಮೃಷ್ಟಾನ್ನವಾಯಿತು. ಅವರ ಬಳಿ ಗ್ರೀಕ್ ಮಹಾಕಾವ್ಯಗಳನ್ನು ಮೂಲದಲ್ಲಿಯೇ ಓದಿದನು. ಆ ದಿನಗಳಲ್ಲಿಯೇ, ಅವನ ಹದಿನಾರನೆಯ ವಯಸ್ಸಿನ ಸುಮಾರಿಗೆ, ಒಂದು ಚಿತ್ರ ಅವನ ಮನಸ್ಸಿನಲ್ಲಿ ಮೂಡಿತು: ಹಿಮ ಸುರಿಯುತ್ತಿರುವ ಕಾಡು, ಅಲ್ಲಿ ಕೊಡೆ ಹಿಡಿದು, ಪೊಟ್ಟಣಗಳನ್ನು ಹೊತ್ತು ನಡೆಯುತ್ತಿರುವ ಒಂದು ವಿಚಿತ್ರ ಪ್ರಾಣಿ, ಸೊಂಟದ ಮೇಲೆ ಮನುಷ್ಯ, ಕೆಳಗೆ ಮೇಕೆ. ಅದರ ಅರ್ಥವೇನೆಂದು ಅವನಿಗೆ ತಿಳಿಯಲಿಲ್ಲ. ಚಿತ್ರವು ಮಾತ್ರ ಅಳಿಸಿಹೋಗಲಿಲ್ಲ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. 1917ರಲ್ಲಿ ಆಕ್ಸ್‌ಫರ್ಡ್ ಸೇರಿದ ಲೂಯಿಸನು ಅದೇ ವರ್ಷ ಸೈನ್ಯವನ್ನೂ ಸೇರಿದನು. ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನ ಫ್ರಾನ್ಸಿನ ರಣರಂಗದ ಕಂದಕದಲ್ಲಿದ್ದನು. ಪ್ಯಾಡಿ ಮೂರ್ ಎಂಬುವನು ಅವನ ಮಿತ್ರ. ಇಬ್ಬರಲ್ಲಿ ಒಬ್ಬನು ಮಡಿದರೆ ಉಳಿದವನು ಅವನ ಮನೆಯವರನ್ನು ನೋಡಿಕೊಳ್ಳಬೇಕೆಂದು ಗೆಳೆಯರು ಮಾತು ಕೊಟ್ಟುಕೊಂಡಿದ್ದರು. 1918ರ ಮಾರ್ಚಿಯಲ್ಲಿ ಪ್ಯಾಡಿ ಮಡಿದನು. ಏಪ್ರಿಲ್ 15ರಂದು ತಮ್ಮ ಕಡೆಯವರೇ ಹಾರಿಸಿದ ಫಿರಂಗಿಯ ಗುಂಡೊಂದು ಗುರಿ ತಲಪದೆ ಹತ್ತಿರದಲ್ಲಿ ಸಿಡಿಯಿತು. ಲೂಯಿಸನು ತೀವ್ರವಾಗಿ ಗಾಯಗೊಂಡನು. ಆ ಗುಂಡಿನ ಚೂರೊಂದು ಬಹುಕಾಲ ಅವನ ಎದೆಯಲ್ಲಿಯೇ ಉಳಿದಿತ್ತು. ಊರಿಗೆ ಮರಳಿದವನು ಕೊಟ್ಟ ಮಾತನ್ನು ಮರೆಯಲಿಲ್ಲ. ವಿದ್ಯಾರ್ಥಿಯ ಅಲ್ಪಸ್ವಲ್ಪ ಹಣದಲ್ಲಿಯೇ ಪ್ಯಾಡಿಯ ತಾಯಿಯನ್ನೂ ತಂಗಿಯನ್ನೂ ಪೋಷಿಸಿದನು. ಆ ತಾಯಿ 1951ರಲ್ಲಿ ತೀರಿಕೊಳ್ಳುವವರೆಗೂ ಈ ಹೊಣೆಯನ್ನು ಹೊತ್ತನು. ಆಕೆಯ ಸ್ವಭಾವವೇನೂ ಸುಲಭದ್ದಾಗಿರಲಿಲ್ಲ.

ಲೂಯಿಸರು ಮೂರು ಪರೀಕ್ಷೆಗಳಲ್ಲಿ ಮೊದಲ ದರ್ಜೆ ಪಡೆದು 1925ರಲ್ಲಿ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಸುಮಾರು ಮೂವತ್ತು ವರ್ಷ ಅಲ್ಲಿ ಕೆಲಸ ಮಾಡಿ, 1954ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಪ್ರಾಚೀನ ಸಾಹಿತ್ಯದಲ್ಲಿ ಅವರ ಪಾಂಡಿತ್ಯ ಅಗಾಧವಾದುದು. ಆಕ್ಸ್‌ಫರ್ಡಿನಲ್ಲಿ ಅವರಿಗೆ ದೊರೆತ ದೊಡ್ಡ ಸಂಪತ್ತೆಂದರೆ ಟೋಲ್ಕಿನ್‌ರ ಸ್ನೇಹ. ಇಬ್ಬರೂ ಯುದ್ಧವನ್ನು ಕಂಡವರು, ಇಬ್ಬರೂ ಪುರಾಣಕತೆಗಳನ್ನು ಪ್ರೀತಿಸಿದವರು. ಮಿತ್ರರೆಲ್ಲ ವಾರಕ್ಕೊಮ್ಮೆ ಲೂಯಿಸರ ಕೋಣೆಯಲ್ಲಿ ಸೇರಿ ತಾವು ಬರೆದುದನ್ನು ಓದಿ, ನಿರ್ದಾಕ್ಷಿಣ್ಯವಾಗಿ ವಿಮರ್ಶಿಸುತ್ತಿದ್ದರು. ಬಾಲ್ಯದಲ್ಲಿ ಕಳೆದುಕೊಂಡ ದೇವರ ನಂಬಿಕೆ ಲೂಯಿಸರಿಗೆ ಮರಳಿ ದೊರೆತುದರಲ್ಲಿಯೂ ಟೋಲ್ಕಿನ್‌ರ ಪಾತ್ರವಿದೆ. 1931ರಲ್ಲಿ ಅವರು ಕ್ರೈಸ್ತಧರ್ಮಕ್ಕೆ ಹಿಂದಿರುಗಿದರು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬಾಂಬುಗಳ ಭೀತಿಯಿಂದ ಲಂಡನ್ ಮೊದಲಾದ ನಗರಗಳ ಮಕ್ಕಳನ್ನು ಹಳ್ಳಿಗಳಿಗೂ ಸಣ್ಣ ಊರುಗಳಿಗೂ ಸಾಗಿಸಿದರು. ಮೊದಲ ಕೆಲವೇ ದಿನಗಳಲ್ಲಿ ತಾಯಂದಿರೂ ಮಕ್ಕಳೂ ಸೇರಿ ಸುಮಾರು 15 ಲಕ್ಷ ಜನ ಹೀಗೆ ಊರು ಬಿಟ್ಟರು. ಕತ್ತಿನಲ್ಲಿ ಹೆಸರಿನ ಚೀಟಿ, ಕೈಯಲ್ಲಿ ಸಣ್ಣ ಗಂಟು. ಆಕ್ಸ್‌ಫರ್ಡಿನ ಹೊರವಲಯದಲ್ಲಿದ್ದ ಲೂಯಿಸರ ಮನೆಗೂ ಶಾಲಾಬಾಲಕಿಯರು ಬಂದರು. ಸ್ವಂತ ಮಕ್ಕಳಿಲ್ಲದ, ಪುಸ್ತಕಗಳ ನಡುವೆ ಬದುಕಿದ ಆ ವಿದ್ವಾಂಸರಿಗೆ ತಾಯಿಯನ್ನು ಅಗಲಿ ಅಪರಿಚಿತರ ಮನೆ ಸೇರಿದ ಮಕ್ಕಳ ಮುಖ ಹೊಸದಾಗಿ ಕಂಡಿರಲಾರದು. ಊರು ಬಿಟ್ಟು ಒಬ್ಬ ವೃದ್ಧ ಪ್ರಾಧ್ಯಾಪಕನ ಮನೆಗೆ ಬರುವ ನಾಲ್ವರು ಮಕ್ಕಳ ಕತೆಯೊಂದನ್ನು ಅವರು ಆಗಲೇ ಆರಂಭಿಸಿ ಕೈಬಿಟ್ಟರು. ಹತ್ತು ವರ್ಷಗಳ ತರುವಾಯ ಮತ್ತೆ ಕೈಗೆತ್ತಿಕೊಂಡಾಗ ಹಿಮದ ಕಾಡೂ ಕೊಡೆ ಹಿಡಿದ ಪ್ರಾಣಿಯೂ ಆ ಕತೆಯೊಳಗೆ ಬಂದು ಸೇರಿದವು. 1950ರಲ್ಲಿ ಪುಸ್ತಕ ಪ್ರಕಟವಾಯಿತು.

ಆ ನಾಲ್ವರು ಮಕ್ಕಳು ಹಳೆಯ ಬಟ್ಟೆಯ ಬೀರುವಿನ ಮೂಲಕ ನಾರ್ನಿಯವೆಂಬ ರಾಜ್ಯವನ್ನು ಹೊಗುತ್ತಾರೆ. ಮಾಟಗಾತಿಯೊಬ್ಬಳು ಅಲ್ಲಿ ಮುಗಿಯದ ಚಳಿಗಾಲವನ್ನು ಹೂಡಿ, ಎದುರಾದವರನ್ನು ಕಲ್ಲಾಗಿಸುತ್ತ ಆಳುತ್ತಿರುತ್ತಾಳೆ. ಅವಳಿಂದ ರಾಜ್ಯವನ್ನು ಬಿಡಿಸುವ ಭಾರ ಈ ಮಕ್ಕಳ ಮೇಲೆ ಬೀಳುತ್ತದೆ. ಅವರಲ್ಲಿ ಒಬ್ಬನು ಮಿಠಾಯಿಯ ಆಸೆಗೆ ಒಡಹುಟ್ಟಿದವರಿಗೇ ದ್ರೋಹ ಬಗೆಯುತ್ತಾನೆ. ಅಸ್ಲಾನ್ ಎಂಬ ಸಿಂಹರಾಜನು ತನ್ನ ಪ್ರಾಣವನ್ನು ಕೊಟ್ಟು ಅವನನ್ನು ಉಳಿಸಿ ಮತ್ತೆ ಜೀವಿಸಿ ಬರುತ್ತಾನೆ. ಹಿರಿಯರು ಇದರಲ್ಲಿ ಕ್ರಿಸ್ತನ ಕತೆಯ ಛಾಯೆಯನ್ನು ಕಾಣುತ್ತಾರೆ, ಅದು ಸರಿಯೇ. ಎಳೆಯ ಓದುಗರಿಗೆ ಮಾತ್ರ ಸಿಂಹವು ಸಿಂಹವೇ. ಬಗೆಬಗೆಯ ಪುರಾಣಗಳನ್ನು ಹೀಗೆ ಬೆರೆಸಿದುದು ಟೋಲ್ಕಿನ್‌ರಿಗೆ ಒಪ್ಪಿಗೆಯಾಗಲಿಲ್ಲ. ಲೂಯಿಸರು ನಿಲ್ಲಿಸಲಿಲ್ಲ, ವರ್ಷಕ್ಕೊಂದರಂತೆ ಏಳು ಪುಸ್ತಕಗಳು ಹೊರಬಂದವು. ಕೊನೆಯದಕ್ಕೆ 1956ನೆಯ ವರ್ಷದ ಕಾರ್ನೆಗಿ ಪದಕ ಸಂದಿತು. ಬಂದ ಹಣದ ದೊಡ್ಡ ಭಾಗವನ್ನು ಅವರು ದಾನ ಮಾಡಿದರು. ಮಕ್ಕಳು ಬರೆದ ಕಾಗದಗಳಿಗೆ ಬಿಡದೆ ಉತ್ತರ ಬರೆದರು. ಸೈನ್ಯದಿಂದ ನಿವೃತ್ತನಾಗಿ ಬಂದು ಜೊತೆಯಲ್ಲಿ ವಾಸಿಸುತ್ತಿದ್ದ ವಾರನ್ ಪತ್ರವ್ಯವಹಾರದಲ್ಲಿ ತಮ್ಮನಿಗೆ ನೆರವಾಗುತ್ತಿದ್ದನು.

ಏಳರಲ್ಲಿ ಲೂಯಿಸರನ್ನು ಬಹುಕಾಲ ಕಾಡಿದ ಪುಸ್ತಕ ಒಂದುಂಟು. ಮೊದಲೇ ಕೈಗೆತ್ತಿಕೊಂಡಿದ್ದರೂ ಅದು ಸಾಗಲಿಲ್ಲ. ಬಿಟ್ಟು ಹಿಡಿದು, ಕೊನೆಗೆ 1955ರಲ್ಲಿ ಪ್ರಕಟಿಸಿದರು. ನಾರ್ನಿಯ ಹುಟ್ಟಿದ ಬಗೆಯನ್ನು ಹೇಳುವ ಕತೆ ಅದು. ಅದರ ನಾಯಕ ಡಿಗರಿ ಎಂಬ ಹುಡುಗ. ಅವನ ತಂದೆ ಭಾರತದಲ್ಲಿ. ತಾಯಿ ಲಂಡನ್ನಿನ ಮನೆಯಲ್ಲಿ ಮರಣಶಯ್ಯೆಯಲ್ಲಿ. ಮಾಟಗಾತಿಯನ್ನು ಆಗತಾನೆ ಜನಿಸಿದ ನಾರ್ನಿಯಕ್ಕೆ ತಂದವನು ಡಿಗರಿಯೇ. ಆ ತಪ್ಪನ್ನು ಸರಿಪಡಿಸಲು ಸಿಂಹರಾಜನು ಅವನನ್ನು ದೂರದ ಬೆಟ್ಟದ ಮೇಲಿನ ತೋಟಕ್ಕೆ ಕಳುಹಿಸುತ್ತಾನೆ. ಅಲ್ಲಿಂದ ಒಂದು ಸೇಬನ್ನು ತಂದು ನೆಟ್ಟರೆ ಅದರಿಂದ ಬೆಳೆಯುವ ಮರವು ರಾಜ್ಯವನ್ನು ಕಾಯುವುದು. ಹಣ್ಣು ಕೈಗೆ ಬಂದಾಗ ಮಾಟಗಾತಿ ಅಲ್ಲಿಯೇ ಎದುರಾಗಿ, ಇದನ್ನು ಸೀದಾ ನಿನ್ನ ತಾಯಿಗೆ ಒಯ್ದು ಕೊಡು, ಅವಳು ಬದುಕುತ್ತಾಳೆ ಎಂದು ಆಸೆ ತೋರಿಸುತ್ತಾಳೆ. ಹುಡುಗನ ಒಳಗುದಿಯನ್ನು ಲೂಯಿಸರು ಅವಸರಪಡದೆ ಚಿತ್ರಿಸಿದ್ದಾರೆ. ಅವನು ಹಣ್ಣನ್ನು ಕದಿಯುವುದಿಲ್ಲ. ತಾಯಿ ಇನ್ನು ಉಳಿಯಳೆಂದೇ ತಿಳಿದು ಅದನ್ನು ಸಿಂಹರಾಜನಿಗೆ ಒಪ್ಪಿಸುತ್ತಾನೆ. ಮರ ಬೆಳೆದ ಮೇಲೆ ಅದರದೇ ಒಂದು ಹಣ್ಣನ್ನು ಸಿಂಹರಾಜನು ತಾನಾಗಿಯೇ ಕೊಡುತ್ತಾನೆ. ತಾಯಿ ಗುಣಹೊಂದುತ್ತಾಳೆ. ಆ ಹಣ್ಣಿನ ಬೀಜದಿಂದ ಲಂಡನ್ನಿನಲ್ಲಿ ಬೆಳೆದ ಮರವು ಮುಂದೆ ಬಿರುಗಾಳಿಗೆ ಉರುಳಿದಾಗ ಅದರ ಮರದಿಂದಲೇ ಆ ಬೀರುವನ್ನು ಮಾಡಿಸುತ್ತಾರೆ. ಬೆಲ್‌ಫಾಸ್ಟಿನ ಬಾಲಕನು ಬೇಡಿ ಪಡೆಯದುದನ್ನು ಡಿಗರಿ ಬೇಡದೆ ಪಡೆದನು. ನಲವತ್ತಾರು ವರ್ಷ ಕಳೆದಿದ್ದರೂ ರೋಗಿಯ ಕೋಣೆಯ ಆ ಮುಚ್ಚಿದ ಬಾಗಿಲನ್ನು ಲೂಯಿಸರು ಮರೆತಿರಲಿಲ್ಲವೆಂಬುದು ಓದುಗರಿಗೆ ಇಲ್ಲಿ ತಿಳಿಯುತ್ತದೆ.

ವಿಧಿಯು ಅವರನ್ನು ಅದೇ ಬಾಗಿಲ ಮುಂದೆ ಇನ್ನೊಮ್ಮೆ ನಿಲ್ಲಿಸಿತು. ಜಾಯ್ ಡೇವಿಡ್‌ಮನ್ ಎಂಬ ಅಮೆರಿಕದ ಲೇಖಕಿಯನ್ನು ಅವರು 1956ರಲ್ಲಿ ವಿವಾಹವಾದರು. ಆಕೆಗೆ ಮೊದಲ ಮದುವೆಯಿಂದ ಇಬ್ಬರು ಗಂಡುಮಕ್ಕಳಿದ್ದರು. ಕೆಲವೇ ತಿಂಗಳಲ್ಲಿ ಆಕೆಗೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ನಡುವೆ ರೋಗ ಹಿಂಜರಿದು ಆಕೆ ಎದ್ದು ಓಡಾಡಿದಳು. ಇಬ್ಬರೂ ಗ್ರೀಸ್ ದೇಶಕ್ಕೆ ಪ್ರವಾಸ ಹೋಗಿ ಬಂದರು. 1960ರ ಜುಲೈ 13ರಂದು ಆಕೆ ತೀರಿಕೊಂಡಳು. ತಾಯಿಯಿಲ್ಲದ ಇಬ್ಬರು ಹುಡುಗರು ಈಗ ಲೂಯಿಸರ ಮನೆಯಲ್ಲಿಯೇ ಇದ್ದರು. ಅವರ ಹೊಣೆಯನ್ನು ಅವರು ಹೊತ್ತರು. ತಮ್ಮ ಶೋಕವನ್ನು, ದೇವರ ಮೇಲಿನ ಕೋಪವನ್ನೂ ಮರೆಮಾಚದೆ, ಒಂದು ಚಿಕ್ಕ ಪುಸ್ತಕವಾಗಿ ಬರೆದು 1961ರಲ್ಲಿ ಬೇರೆ ಹೆಸರಿನಿಂದ ಪ್ರಕಟಿಸಿದರು.

1963ನೆಯ ನವೆಂಬರ್ 22ರಂದು, ಅರವತ್ತೈದು ತುಂಬಲು ಒಂದು ವಾರವಿರುವಾಗ, ಲೂಯಿಸರು ತಮ್ಮ ಮನೆಯಲ್ಲಿ ನಿಧನರಾದರು. ಅಮೆರಿಕದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾದುದೂ ಅದೇ ದಿನ. ಲೋಕದ ಪತ್ರಿಕೆಗಳೆಲ್ಲ ಆ ಸುದ್ದಿಯಿಂದ ತುಂಬಿದ್ದು, ಕತೆಗಾರನ ಮರಣವನ್ನು ಗಮನಿಸಿದವರು ವಿರಳ. ಹೆಡಿಂಗ್‌ಟನ್ ಕ್ವಾರಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಅದರ ಮೇಲೆ ವಾರನ್ ಷೇಕ್ಸ್‌ಪಿಯರನ ನಾಟಕದ ಒಂದು ಸಾಲನ್ನು ಕೆತ್ತಿಸಿದನು. 1908ರ ಆಗಸ್ಟ್ 23ರಂದು ಲಿಟಲ್ ಲೀ ಮನೆಯ ಕ್ಯಾಲೆಂಡರಿನ ಹಾಳೆಯಲ್ಲಿ ಆ ದಿನದ ಸಾಲೆಂದು ಅಚ್ಚಾಗಿದ್ದುದು ಅದೇ. ಹತ್ತು ವರ್ಷಗಳ ತರುವಾಯ, 1973ರಲ್ಲಿ, ವಾರನ್‌ನನ್ನೂ ಅದೇ ಕಲ್ಲಿನ ಕೆಳಗೆ ಮಣ್ಣು ಮಾಡಿದರು.