ಹರ್ಬರ್ಟ್ ಸ್ಯಾಮ್ಯುಯೆಲ್ ಹೋಲ್ಟ್

ಸರ್ ಹರ್ಬರ್ಟ್ ಸ್ಯಾಮ್ಯುಯೆಲ್ ಹೋಲ್ಟ್ (12 ಫೆಬ್ರವರಿ 1856 – 28 ಸೆಪ್ಟೆಂಬರ್ 1941) ಐರ್ಲೆಂಡ್ ಮೂಲದ ಕೆನಡಾದ ಸಿವಿಲ್ ಇಂಜಿನಿಯರ್, ರೈಲ್ವೆ ಗುತ್ತಿಗೆದಾರ, ಉದ್ಯಮಿ ಹಾಗೂ ಬ್ಯಾಂಕರ್. ಮಾಂಟ್ರಿಯಲ್ ನಗರಕ್ಕೆ ಅನಿಲ ಮತ್ತು ವಿದ್ಯುತ್ ಪೂರೈಸುತ್ತಿದ್ದ ಮಾಂಟ್ರಿಯಲ್ ಲೈಟ್, ಹೀಟ್ ಅಂಡ್ ಪವರ್ ಕಂಪನಿಯ ಅಧ್ಯಕ್ಷರಾಗಿ ಮತ್ತು ರಾಯಲ್ ಬ್ಯಾಂಕ್ ಆಫ್ ಕೆನಡಾದ ಅಧ್ಯಕ್ಷರಾಗಿ ಇವರು ಪ್ರಸಿದ್ಧರು. ತಮ್ಮ ಕಾಲದಲ್ಲಿ ಕೆನಡಾದ ಅತ್ಯಂತ ಶ್ರೀಮಂತ ವ್ಯಕ್ತಿಗಳಲ್ಲಿ ಒಬ್ಬರೆಂದು ಪರಿಗಣಿತರಾಗಿದ್ದರು. ಇವರು ಕಟ್ಟಿದ ವಿದ್ಯುತ್ ಕಂಪನಿಯ ಷೇರುಗಳು ಸ್ಥಿರ ಲಾಭಾಂಶಕ್ಕೆ ಹೆಸರಾಗಿದ್ದವು. ಆದರೆ ಅದೇ ಲಾಭಾಂಶವು ಮೂರು ದಶಕಗಳ ಸಾರ್ವಜನಿಕ ವಿವಾದಕ್ಕೂ, ಅಂತಿಮವಾಗಿ ಕಂಪನಿಯ ರಾಷ್ಟ್ರೀಕರಣಕ್ಕೂ ಕಾರಣವಾಯಿತು.

ಆರಂಭಿಕ ಜೀವನ

ಹೋಲ್ಟ್ ಅವರು ಐರ್ಲೆಂಡಿನ ಗೀಶಿಲ್ ಎಂಬ ಊರಿನಲ್ಲಿ ಜನಿಸಿದರು. 1870ರ ದಶಕದಲ್ಲಿ ಕೆನಡಾಕ್ಕೆ ವಲಸೆ ಬಂದು, ಒಂಟಾರಿಯೊ ಪ್ರಾಂತ್ಯದಲ್ಲಿ ರೈಲು ಮಾರ್ಗಗಳ ನಿರ್ಮಾಣ ಕಾರ್ಯದಲ್ಲಿ ತೊಡಗಿದರು. ಕ್ರೆಡಿಟ್ ವ್ಯಾಲಿ ರೈಲ್ವೆಯ ಕೆಲಸದ ಸಂದರ್ಭದಲ್ಲಿ ಇಂಜಿನಿಯರ್ ಜೇಮ್ಸ್ ರಾಸ್ ಅವರ ಪರಿಚಯವಾಯಿತು. ಈ ಪರಿಚಯವು ಹೋಲ್ಟ್ ಅವರ ಜೀವನದ ದಿಕ್ಕನ್ನು ನಿರ್ಧರಿಸಿತು.

ರೈಲ್ವೆ ನಿರ್ಮಾಣ

1880ರ ದಶಕದಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯ ಪರ್ವತ ವಿಭಾಗದ ನಿರ್ಮಾಣದ ಹೊಣೆಯನ್ನು ರಾಸ್ ವಹಿಸಿಕೊಂಡಾಗ ಹೋಲ್ಟ್ ಅವರ ಕೈಕೆಳಗೆ ದುಡಿದರು. ರಾಕಿ ಪರ್ವತಗಳ ದುರ್ಗಮ ಪ್ರದೇಶದಲ್ಲಿ ದೊರೆತ ಈ ಅನುಭವದ ಬಲದಿಂದ ಅವರು ಸ್ವತಂತ್ರ ಗುತ್ತಿಗೆದಾರರಾದರು. ಮುಂದೆ ರಾಸ್, ವಿಲಿಯಂ ಮೆಕೆಂಜಿ ಮತ್ತು ಡೊನಾಲ್ಡ್ ಮಾನ್ ಅವರ ಸಹಭಾಗಿತ್ವದಲ್ಲಿ ರೆಜೈನಾದಿಂದ ಪ್ರಿನ್ಸ್ ಆಲ್ಬರ್ಟ್‌ಗೆ ಹಾಗೂ ಕ್ಯಾಲ್ಗರಿಯಿಂದ ಎಡ್ಮಂಟನ್‌ಗೆ ಹೋಗುವ ಮಾರ್ಗಗಳ ನಿರ್ಮಾಣದಲ್ಲಿ ಪಾಲ್ಗೊಂಡರು. ಈ ಗುತ್ತಿಗೆಗಳಿಂದ ಬಂದ ಹಣವೇ ಅವರ ಮುಂದಿನ ಹೂಡಿಕೆಗಳಿಗೆ ಮೂಲ ಬಂಡವಾಳವಾಯಿತು. 1890ರ ದಶಕದ ಆರಂಭದಲ್ಲಿ ಅವರು ಮಾಂಟ್ರಿಯಲ್‌ನಲ್ಲಿ ನೆಲೆಸಿದರು.

ಮಾಂಟ್ರಿಯಲ್ ಲೈಟ್, ಹೀಟ್ ಅಂಡ್ ಪವರ್

1894ರಲ್ಲಿ ಹೋಲ್ಟ್ ಮಾಂಟ್ರಿಯಲ್ ಗ್ಯಾಸ್ ಕಂಪನಿಯ ಅಧ್ಯಕ್ಷರಾದರು. ಆಗ ನಗರದ ಬೀದಿದೀಪಗಳಿಗಾಗಿ ಮತ್ತು ಮನೆಗಳಿಗಾಗಿ ಅನಿಲ ಕಂಪನಿಗಳೂ ವಿದ್ಯುತ್ ಕಂಪನಿಗಳೂ ಪರಸ್ಪರ ಪೈಪೋಟಿ ನಡೆಸುತ್ತಿದ್ದವು. ಕೊಳವೆ, ತಂತಿ ಮತ್ತು ಉತ್ಪಾದನಾ ಕೇಂದ್ರಗಳಿಗೆ ಭಾರಿ ಬಂಡವಾಳ ಬೇಕಾಗುವ ಈ ಉದ್ಯಮದಲ್ಲಿ ಪೈಪೋಟಿಯು ಎಲ್ಲರ ಲಾಭವನ್ನೂ ಕುಗ್ಗಿಸುತ್ತದೆಂದು ಹೋಲ್ಟ್ ಅರಿತಿದ್ದರು. 1901ರಲ್ಲಿ ಷೇರು ದಲ್ಲಾಳಿ ರೊಡಾಲ್ಫ್ ಫೋರ್ಜೆ ಅವರೊಂದಿಗೆ ಸೇರಿ ಅನಿಲ ಕಂಪನಿಯನ್ನು ರಾಯಲ್ ಎಲೆಕ್ಟ್ರಿಕ್ ಮೊದಲಾದ ವಿದ್ಯುತ್ ಕಂಪನಿಗಳೊಂದಿಗೆ ವಿಲೀನಗೊಳಿಸಿ ಮಾಂಟ್ರಿಯಲ್ ಲೈಟ್, ಹೀಟ್ ಅಂಡ್ ಪವರ್ ಕಂಪನಿಯನ್ನು ಸ್ಥಾಪಿಸಿದರು. ಎರಡು ವರ್ಷಗಳ ನಂತರ ಪ್ರತಿಸ್ಪರ್ಧಿಯಾಗಿದ್ದ ಲಶೀನ್ ಜಲಪಾತದ ವಿದ್ಯುತ್ ಕಂಪನಿಯೂ ಇದರ ವಶವಾಯಿತು. ಇದರೊಂದಿಗೆ ನಗರದ ಬೆಳಕು, ಶಾಖ ಮತ್ತು ವಿದ್ಯುತ್ ಶಕ್ತಿ ಬಹುಮಟ್ಟಿಗೆ ಒಂದೇ ಸಂಸ್ಥೆಯ ಅಧೀನಕ್ಕೆ ಬಂದವು.

ಕಂಪನಿಯು ಬೇಕಾದ ವಿದ್ಯುತ್ತನ್ನೆಲ್ಲ ತಾನೇ ಉತ್ಪಾದಿಸುತ್ತಿರಲಿಲ್ಲ. ಸೇಂಟ್ ಮಾರಿಸ್ ನದಿಯ ಮೇಲಿದ್ದ ಶಾವಿನಿಗನ್ ವಾಟರ್ ಅಂಡ್ ಪವರ್ ಕಂಪನಿಯು 1903ರಿಂದ ದೂರದ ತಂತಿ ಮಾರ್ಗದ ಮೂಲಕ ಮಾಂಟ್ರಿಯಲ್‌ಗೆ ಜಲವಿದ್ಯುತ್ ಕಳುಹಿಸತೊಡಗಿತು. ಹೋಲ್ಟ್ ಅವರ ಕಂಪನಿಯು ಅದನ್ನು ಸಗಟಾಗಿ ಕೊಂಡು ಗ್ರಾಹಕರಿಗೆ ಚಿಲ್ಲರೆ ದರದಲ್ಲಿ ಮಾರುತ್ತಿತ್ತು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಸೇಂಟ್ ಲಾರೆನ್ಸ್ ನದಿಯ ಸೀಡರ್ಸ್ ಎಂಬಲ್ಲಿ ದೊಡ್ಡ ಜಲವಿದ್ಯುತ್ ಕೇಂದ್ರವೂ ಸಿದ್ಧವಾಯಿತು. ಅಲ್ಲಿನ ವಿದ್ಯುತ್ತಿನ ಒಂದು ಭಾಗ ಅಮೆರಿಕದ ಗಡಿಯಾಚೆ ಮಸೀನಾದಲ್ಲಿದ್ದ ಅಲ್ಯೂಮಿನಿಯಂ ಕಾರ್ಖಾನೆಗೆ ಹೋಗುತ್ತಿತ್ತು.

ಲಾಭಾಂಶ ಮತ್ತು ದರಗಳ ವಿವಾದ

ವಿದ್ಯುತ್ ಕಂಪನಿಯ ಷೇರುಗಳು ಹೂಡಿಕೆದಾರರಿಗೆ ಪ್ರಿಯವಾಗಲು ಸ್ಪಷ್ಟ ಕಾರಣಗಳಿದ್ದವು. ಜಲವಿದ್ಯುತ್ ಕೇಂದ್ರವನ್ನು ಒಮ್ಮೆ ಕಟ್ಟಿದ ಮೇಲೆ ಅದಕ್ಕೆ ಇಂಧನದ ವೆಚ್ಚವಿರುವುದಿಲ್ಲ; ಬಳಕೆ ಪ್ರತಿವರ್ಷ ಏರುತ್ತಿತ್ತು; ಗ್ರಾಹಕನಿಗೆ ಬೇರೆ ಮಾರಾಟಗಾರನಿರಲಿಲ್ಲ. ನಿರ್ಮಾಣ ವೆಚ್ಚದ ದೊಡ್ಡ ಭಾಗವನ್ನು ನಿಗದಿತ ಬಡ್ಡಿಯ ಸಾಲಪತ್ರಗಳ ಮೂಲಕ ಎತ್ತುತ್ತಿದ್ದುದರಿಂದ, ಬಡ್ಡಿ ಸಂದಾಯವಾದ ಬಳಿಕ ಉಳಿಯುವ ಆದಾಯವೆಲ್ಲ ಷೇರುದಾರರ ಪಾಲಾಗುತ್ತಿತ್ತು.

ಆದರೆ ಷೇರಿನ ಮುಖಬೆಲೆಯ ಮೇಲೆ ಹೆಚ್ಚಿನ ಶೇಕಡಾವಾರು ಲಾಭಾಂಶ ಘೋಷಿಸಿದಾಗಲೆಲ್ಲ ದರ ಇಳಿಸಬೇಕೆಂಬ ಒತ್ತಾಯ ಕೇಳಿಬರುತ್ತಿತ್ತು. 1916ರಲ್ಲಿ ಸಿವಿಕ್ ಇನ್ವೆಸ್ಟ್‌ಮೆಂಟ್ ಅಂಡ್ ಇಂಡಸ್ಟ್ರಿಯಲ್ ಎಂಬ ಹೊಸ ಕಂಪನಿಯ ಮೂಲಕ ಬಂಡವಾಳದ ಸ್ವರೂಪವನ್ನು ಮರುರಚಿಸಿ, ಹಳೆಯ ಷೇರುಗಳಿಗೆ ಬದಲಾಗಿ ಹೆಚ್ಚು ಸಂಖ್ಯೆಯ ಹೊಸ ಷೇರುಗಳನ್ನು ನೀಡಲಾಯಿತು. ಒಟ್ಟು ಲಾಭಾಂಶ ಕಡಿಮೆಯಾಗದಿದ್ದರೂ ಪ್ರತಿ ಷೇರಿನ ಲೆಕ್ಕದಲ್ಲಿ ಅದು ಸಾಧಾರಣವಾಗಿ ಕಾಣುವಂತಾಯಿತು. ಹೂಡದ ಹಣಕ್ಕೂ ಷೇರು ಸೃಷ್ಟಿಸಿ ಅದರ ಮೇಲಿನ ಲಾಭಾಂಶವನ್ನು ಬಳಕೆದಾರರಿಂದ ವಸೂಲು ಮಾಡಲಾಗುತ್ತಿದೆ ಎಂಬುದು ಟೀಕಾಕಾರರ ಆರೋಪವಾಗಿತ್ತು. ಹೊಸ ಕಂಪನಿಯು 1918ರಲ್ಲಿ ಮಾಂಟ್ರಿಯಲ್ ಲೈಟ್, ಹೀಟ್ ಅಂಡ್ ಪವರ್ ಕನ್ಸಾಲಿಡೇಟೆಡ್ ಎಂಬ ಹೆಸರು ಪಡೆಯಿತು.

ನೆರೆಯ ಒಂಟಾರಿಯೊದಲ್ಲಿ ಆಡಮ್ ಬೆಕ್ ಅವರ ನೇತೃತ್ವದಲ್ಲಿ 1906ರಲ್ಲಿ ಸ್ಥಾಪಿತವಾದ ಸಾರ್ವಜನಿಕ ವಿದ್ಯುತ್ ಆಯೋಗವು ವಿದ್ಯುತ್ತನ್ನು ಲಾಭವಿಲ್ಲದೆ, ತಗಲುವ ವೆಚ್ಚಕ್ಕೇ ನೀಡುವ ನೀತಿಯನ್ನು ಅನುಸರಿಸುತ್ತಿತ್ತು. ಎರಡೂ ಪ್ರಾಂತ್ಯಗಳ ಮನೆಬಳಕೆಯ ದರಗಳ ಹೋಲಿಕೆಯು ಹೋಲ್ಟ್ ಅವರ ವಿರೋಧಿಗಳಿಗೆ ಮುಖ್ಯ ಅಸ್ತ್ರವಾಯಿತು.

ರಾಯಲ್ ಬ್ಯಾಂಕ್ ಮತ್ತು ಇತರ ಉದ್ಯಮಗಳು

1908ರಲ್ಲಿ ಹೋಲ್ಟ್ ರಾಯಲ್ ಬ್ಯಾಂಕ್ ಆಫ್ ಕೆನಡಾದ ಅಧ್ಯಕ್ಷರಾಗಿ 1934ರವರೆಗೆ ಆ ಸ್ಥಾನದಲ್ಲಿದ್ದರು. ಈ ಅವಧಿಯಲ್ಲಿ ಬ್ಯಾಂಕು ಹಲವು ಸಣ್ಣ ಬ್ಯಾಂಕುಗಳನ್ನು ವಿಲೀನಗೊಳಿಸಿಕೊಂಡು, 1920ರ ದಶಕದಲ್ಲಿ ದೇಶದ ಅತಿ ದೊಡ್ಡ ಬ್ಯಾಂಕುಗಳ ಸಾಲಿಗೆ ಏರಿತು. ಮಾಂಟ್ರಿಯಲ್‌ನ ಸೇಂಟ್ ಜೇಮ್ಸ್ ಬೀದಿಯಲ್ಲಿ 1928ರಲ್ಲಿ ಪೂರ್ಣಗೊಂಡ 22 ಅಂತಸ್ತುಗಳ ಪ್ರಧಾನ ಕಚೇರಿಯು ಆಗಿನ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಅತಿ ಎತ್ತರದ ಕಟ್ಟಡವೆನಿಸಿತ್ತು. 1915ರಲ್ಲಿ ಹೋಲ್ಟ್ ಅವರಿಗೆ ನೈಟ್ ಪದವಿ ದೊರೆಯಿತು.

ಜವಳಿ, ಕಾಗದ ಮೊದಲಾದ ಅನೇಕ ಉದ್ಯಮಗಳಲ್ಲಿಯೂ ಅವರ ಹೂಡಿಕೆಯಿತ್ತು. ಇವೆಲ್ಲವೂ ಯಶಸ್ವಿಯಾಗಲಿಲ್ಲ. ಜೆ. ಎಚ್. ಗಂಡಿ ಅವರೊಡನೆ ಕಟ್ಟಿದ ಕೆನಡಾ ಪವರ್ ಅಂಡ್ ಪೇಪರ್ ಕಂಪನಿಯು ಪತ್ರಿಕಾ ಕಾಗದದ ಬೆಲೆ ಕುಸಿದಾಗ ಸಾಲದ ಭಾರ ತಾಳಲಾರದೆ 1931ರಲ್ಲಿ ಮುಗ್ಗರಿಸಿತು. ಅದರಲ್ಲಿ ಹಣ ತೊಡಗಿಸಿದ್ದವರು ಅಪಾರ ನಷ್ಟ ಅನುಭವಿಸಿದರು. ಅದೇ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ವಿದ್ಯುತ್ ಕಂಪನಿಯು ಲಾಭಾಂಶ ಹಂಚುವುದನ್ನು ಮುಂದುವರಿಸಿತು. ಕೆಲಸ ಕಳೆದುಕೊಂಡ ಕುಟುಂಬಗಳು ವಿದ್ಯುತ್ ಶುಲ್ಕ ಕಟ್ಟಲು ಪರದಾಡುತ್ತಿದ್ದ ನಗರದಲ್ಲಿ ಈ ಸ್ಥಿರತೆಯೇ ಜನರ ಆಕ್ರೋಶಕ್ಕೆ ಗುರಿಯಾಯಿತು.

ವಿರೋಧ ಮತ್ತು ರಾಷ್ಟ್ರೀಕರಣ

1930ರ ದಶಕದಲ್ಲಿ ಕ್ವಿಬೆಕ್ ನಗರದ ದಂತವೈದ್ಯ ಫಿಲಿಪ್ ಹ್ಯಾಮೆಲ್ ವಿದ್ಯುತ್ ಕಂಪನಿಗಳ ಕೂಟದ ವಿರುದ್ಧ ಆಂದೋಲನ ನಡೆಸಿದರು. ರಾಜಕಾರಣಿ ಟಿ. ಡಿ. ಬುಷಾರ್ ಕೂಡ ಸಾರ್ವಜನಿಕ ಒಡೆತನದ ಪರವಾಗಿದ್ದರು. ಇದೇ ಅವಧಿಯಲ್ಲಿ ಬೊಹಾರ್ನ್ವಾ ಜಲವಿದ್ಯುತ್ ಯೋಜನೆಯ ಪ್ರವರ್ತಕರು ರಾಜಕೀಯ ಪಕ್ಷಕ್ಕೆ ನೀಡಿದ್ದ ದೇಣಿಗೆಗಳು 1931ರಲ್ಲಿ ಬಯಲಾಗಿ ದೊಡ್ಡ ಹಗರಣವಾಯಿತು. ತರುವಾಯ ಆ ಯೋಜನೆಯ ಹತೋಟಿಯೂ ಹೋಲ್ಟ್ ಅವರ ಕಂಪನಿಗೆ ಬಂದಿತು. ಪ್ರಾಂತ್ಯದ ಸರ್ಕಾರವು ನೇಮಿಸಿದ ಲಪ್ವಾಂಟ್ ಆಯೋಗವು ವಿದ್ಯುತ್ ಕಂಪನಿಗಳ ಮೇಲೆ ನಿಯಂತ್ರಣ ಅಗತ್ಯವೆಂದು ಅಭಿಪ್ರಾಯಪಟ್ಟಿತು. ಆದರೂ ಹೋಲ್ಟ್ ಬದುಕಿರುವವರೆಗೆ ಕಂಪನಿಯು ಷೇರುದಾರರ ಒಡೆತನದಲ್ಲೇ ಉಳಿಯಿತು.

ಅವರ ಮರಣದ ಮೂರು ವರ್ಷಗಳೊಳಗೆ, 1944ರ ಏಪ್ರಿಲ್‌ನಲ್ಲಿ, ಅಡೆಲಾರ್ ಗಾಡ್ಬೂ ನೇತೃತ್ವದ ಸರ್ಕಾರವು ಕಾನೂನು ರೂಪಿಸಿ ಕಂಪನಿಯ ಆಸ್ತಿಯನ್ನು ಸ್ವಾಧೀನಪಡಿಸಿಕೊಂಡಿತು. ಅದನ್ನು ನಿರ್ವಹಿಸಲು ಸ್ಥಾಪಿತವಾದ ಆಯೋಗವೇ ಹೈಡ್ರೊ-ಕ್ವಿಬೆಕ್. ಬುಷಾರ್ ಅದರ ಮೊದಲ ಅಧ್ಯಕ್ಷರಾದರು. ಷೇರುದಾರರಿಗೆ ಸಲ್ಲಬೇಕಾದ ಪರಿಹಾರದ ಮೊತ್ತವು ಕೆಲವು ವರ್ಷಗಳ ಕಾಲ ವಿವಾದದಲ್ಲಿತ್ತು. ಶಾವಿನಿಗನ್ ಸೇರಿದಂತೆ ಉಳಿದ ಪ್ರಮುಖ ಖಾಸಗಿ ವಿದ್ಯುತ್ ಕಂಪನಿಗಳು 1963ರಲ್ಲಿ ಇದೇ ಸಂಸ್ಥೆಯಲ್ಲಿ ಸೇರಿದವು.

ವೈಯಕ್ತಿಕ ಜೀವನ

ಹೋಲ್ಟ್ 1890ರಲ್ಲಿ ಶೆರ್‌ಬ್ರೂಕ್‌ನ ಜವಳಿ ಉದ್ಯಮಿ ಆಂಡ್ರ್ಯೂ ಪೇಟನ್ ಅವರ ಮಗಳು ಜೆಸ್ಸಿ ಅವರನ್ನು ವಿವಾಹವಾದರು. ದಂಪತಿಗೆ ಮೂವರು ಗಂಡುಮಕ್ಕಳು. ಹೋಲ್ಟ್ ಮಿತಭಾಷಿಯಾಗಿದ್ದು ಪ್ರಚಾರದಿಂದ ದೂರವಿರುತ್ತಿದ್ದರು. 1941ರಲ್ಲಿ ಮಾಂಟ್ರಿಯಲ್‌ನಲ್ಲಿ ನಿಧನರಾದರು. ಅವರ ಸಾವಿನ ಸುದ್ದಿಯನ್ನು ಬೇಸ್‌ಬಾಲ್ ಪಂದ್ಯವೊಂದರಲ್ಲಿ ಘೋಷಿಸಿದಾಗ ಪ್ರೇಕ್ಷಕರು ಹರ್ಷೋದ್ಗಾರ ಮಾಡಿದರೆಂಬ ಕಥೆ ನಗರದಲ್ಲಿ ಪ್ರಚಲಿತವಾಗಿದೆ.

ಪರಂಪರೆ

ಹೋಲ್ಟ್ ಅವರ ಕುರಿತು ಅಭಿಪ್ರಾಯಗಳು ಇಂದಿಗೂ ಭಿನ್ನವಾಗಿವೆ. ಚದುರಿದ್ದ ಸಣ್ಣ ಕಂಪನಿಗಳನ್ನು ಒಗ್ಗೂಡಿಸಿ ನಗರಕ್ಕೆ ನಿರಂತರ ವಿದ್ಯುತ್ ಒದಗಿಸಿದ ದಕ್ಷ ಆಡಳಿತಗಾರರೆಂದು ಕೆಲವರು ಗುರುತಿಸಿದರೆ, ಏಕಸ್ವಾಮ್ಯದ ಲಾಭವನ್ನು ಬಳಕೆದಾರರೊಂದಿಗೆ ಹಂಚಿಕೊಳ್ಳದ ಧನಿಕರೆಂದು ಇತರರು ಪರಿಗಣಿಸುತ್ತಾರೆ. ಅವರು ಮುನ್ನಡೆಸಿದ ರಾಯಲ್ ಬ್ಯಾಂಕ್ 1870ರಿಂದ ಪ್ರತಿವರ್ಷ ಲಾಭಾಂಶ ನೀಡುತ್ತಾ ಬಂದಿದೆ. ಅವರ ವಿದ್ಯುತ್ ಕಂಪನಿ ಷೇರುಪೇಟೆಯಿಂದಲೇ ಕಣ್ಮರೆಯಾಯಿತು. ಫೋರ್ಟಿಸ್, ಕೆನಡಿಯನ್ ಯುಟಿಲಿಟೀಸ್ ಮೊದಲಾದ ಇಂದಿನ ಕೆನಡಾದ ಕಂಪನಿಗಳಿಗೆ ಹೋಲ್ಟ್ ಅವರೊಂದಿಗೆ ನೇರ ಸಂಬಂಧವಿಲ್ಲ. ಐವತ್ತು ವರ್ಷಗಳಿಂದ ಪ್ರತಿವರ್ಷ ಲಾಭಾಂಶ ಏರಿಸುತ್ತಿರುವ ಇವುಗಳ ಆದಾಯದ ಬಹುಭಾಗವನ್ನು ಸಾರ್ವಜನಿಕ ನಿಯಂತ್ರಣ ಮಂಡಳಿಗಳು ಅನುಮೋದಿಸಿದ ದರಗಳೇ ನಿರ್ಧರಿಸುತ್ತವೆ. ಹೋಲ್ಟ್ ಅವರ ಕಾಲದ ವಿವಾದಗಳು ಎತ್ತಿದ ಪ್ರಶ್ನೆಗೆ, ಅಂದರೆ ಷೇರುದಾರನಿಗೆ ಎಷ್ಟು ಮತ್ತು ಬಳಕೆದಾರನಿಗೆ ಎಷ್ಟು ಎಂಬ ಪ್ರಶ್ನೆಗೆ, ಈ ಮಂಡಳಿಗಳು ಇಂದು ಉತ್ತರ ನೀಡುತ್ತಿವೆ.